ಅರ್ಧ ಎಚ್‌ಪಿಗೆ ಹದಿನಾರೂವರೆ ಸಾವಿರ: ಅಪ್ಪನ ಕಾರಿಗೆ ಕೋಲ್ಡ್ ಏರ್ ಇನ್‌ಟೇಕ್ ಹಾಕಿಸಿದ ಕಥೆ

ಇಯರ್‌ಫೋನ್ ಹಾಕ್ಕೊಂಡು ಮೆಟ್ರೋದಲ್ಲಿ ನೇತಾಡ್ತಾ ಇರೋರು, ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕಿರೋ ಪುಣ್ಯವಂತರು, ಎಲ್ಲರಿಗೂ ಸ್ವಾಗತ. ಗಾಡಿ ಓಡಿಸ್ತಾ ಕೇಳ್ತಿದ್ರೆ ವಾಲ್ಯೂಮ್ ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ, ಹಿಂದಿನವರ ಹಾರ್ನ್ ಕೇಳಿಸ್ಲಿ.

ಇವತ್ತು ಕಾರಿನ ಬಗ್ಗೆ ಮಾತಾಡೋಣ. ನಿಜ ಹೇಳ್ಬೇಕಂದ್ರೆ ಕಾರಿಗಿಂತ ಜಾಸ್ತಿ ದುಡ್ಡಿನ ಬಗ್ಗೆ. ಅದಕ್ಕಿಂತ ಜಾಸ್ತಿ ನಮ್ಮಪ್ಪನ ಬಗ್ಗೆ. ನಾನು ಓದಿದ್ದು ಬಿ.ಕಾಂ., ಎಂಜಿನಿಯರ್ ಅಲ್ಲ. ಹಾಗಾಗಿ ಎಂಜಿನ್ ಬಗ್ಗೆ ನಾನು ಹೇಳೋದೆಲ್ಲ ಕೈ ಸುಟ್ಕೊಂಡು ಕಲಿತದ್ದು.

ಮೊದಲು, ಕೋಲ್ಡ್ ಏರ್ ಇನ್‌ಟೇಕ್ ಅಂದ್ರೇನು? ಪೆಟ್ರೋಲ್ ಉರಿಯೋಕೆ ಗಾಳಿ ಬೇಕು. 1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯೋಕೆ ಸುಮಾರು 14.7 ಗ್ರಾಂ ಗಾಳಿ ಬೇಕು. 1.2 ಲೀಟರ್ ಎಂಜಿನ್ನು ಆಕ್ಸಿಲರೇಟರ್ ಪೂರ್ತಿ ಒತ್ತಿ 6000 ಆರ್‌ಪಿಎಂನಲ್ಲಿ ಓಡ್ತಿದ್ರೆ, ಲೆಕ್ಕದ ಪ್ರಕಾರ ಒಂದು ನಿಮಿಷಕ್ಕೆ ಹತ್ತಿರ ಹತ್ತಿರ 3600 ಲೀಟರ್ ಗಾಳಿ ಎಳ್ಕೊಳ್ಳುತ್ತೆ. ಮನೆ ಮೇಲಿರೋ 1000 ಲೀಟರ್ ಸಿಂಟೆಕ್ಸ್ ಟ್ಯಾಂಕ್ ನೆನಪಿಸ್ಕೊಳ್ಳಿ. ಅಂಥ ಮೂರೂವರೆ ಟ್ಯಾಂಕ್ ಗಾಳಿ, ಒಂದೇ ನಿಮಿಷದಲ್ಲಿ.

ಗಾಳಿ ತಣ್ಣಗಿದ್ದಷ್ಟೂ ದಟ್ಟವಾಗಿರುತ್ತೆ. 65 ಡಿಗ್ರಿ ಬಿಸಿ ಇರೋ ಗಾಳಿಗೆ ಹೋಲಿಸಿದ್ರೆ 35 ಡಿಗ್ರಿ ಗಾಳಿ ಸುಮಾರು ಶೇ 9ರಿಂದ 10ರಷ್ಟು ದಟ್ಟ. ದಟ್ಟ ಅಂದ್ರೆ ಅಷ್ಟೇ ಜಾಗದಲ್ಲಿ ಜಾಸ್ತಿ ಆಮ್ಲಜನಕ. ಆಮ್ಲಜನಕ ಜಾಸ್ತಿ ಆದ್ರೆ ಜಾಸ್ತಿ ಪೆಟ್ರೋಲ್ ಉರಿಸಬಹುದು, ಪವರ್ ಜಾಸ್ತಿ. ಬಾನೆಟ್ ಒಳಗಿನ ಬಿಸಿ ಗಾಳಿ ಬಿಟ್ಟು ಹೊರಗಿನ ತಣ್ಣನೆ ಗಾಳಿ ಕುಡಿಸಿ ಅನ್ನೋದೇ ಈ ಕಿಟ್‌ನ ಐಡಿಯಾ. ಕೇಳೋಕೆ ಸರಿಯಾಗೇ ಇದೆ ಅಲ್ವಾ? ನನಗೂ ಸರಿ ಅನ್ನಿಸ್ತು.

ಕಾರು ನಂದಲ್ಲ, ಅಪ್ಪಂದು. ಹೈಸ್ಕೂಲ್ ಮೇಷ್ಟ್ರಾಗಿದ್ದು ರಿಟೈರ್ ಆದಾಗ ಬಂದ ದುಡ್ಡಲ್ಲಿ 7 ಲಕ್ಷ ಕೊಟ್ಟು ತಗೊಂಡಿದ್ರು. 82 ಎಚ್‌ಪಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಯಾವ ಕಂಪನಿ ಅಂತ ಹೇಳಲ್ಲ, ಯಾಕಂದ್ರೆ ಇದರಲ್ಲಿ ಕಂಪನಿಯದ್ದು ಯಾವ ತಪ್ಪೂ ಇಲ್ಲ. ತುಮಕೂರಲ್ಲಿ ಅಪ್ಪ ವಾರಕ್ಕೊಂದ್ಸಲ ತೆಗೀತಿದ್ರು. ‘ನಿಂತ್ರೆ ಬ್ಯಾಟರಿ ಹೋಗುತ್ತೆ, ನೀನೇ ಇಟ್ಕೋ’ ಅಂತ ಬೆಂಗಳೂರಿಗೆ ಕಳಿಸಿಕೊಟ್ರು. ಆರ್‌ಸಿ ಅವರ ಹೆಸರಲ್ಲಿ, ಇನ್ಶೂರೆನ್ಸ್ ಅವರ ಹೆಸರಲ್ಲಿ. ಇದು ನೆನಪಿರಲಿ.

ನಾನು ಕಿಟ್ ತಗೊಂಡೆ. ಅಲ್ಯೂಮಿನಿಯಂ ಪೈಪು, ಕೋನ್ ಆಕಾರದ ಕೆಂಪು ಫಿಲ್ಟರು, ಸಿಲಿಕೋನ್ ಜಾಯಿಂಟು, ನಾಲ್ಕು ಕ್ಲ್ಯಾಂಪು. ಕೂಲಿ ಸೇರಿ 16,500 ರೂಪಾಯಿ. ಅಪ್ಪಂಗೆ ಹೇಳಲಿಲ್ಲ.

ಹಾಕೋ ಕೆಲಸ ಏನೂ ದೊಡ್ಡದಲ್ಲ, ಎರಡು ಗಂಟೆಯದ್ದು. ಎಂಜಿನ್ ತಣ್ಣಗಾದ್ಮೇಲೆ ಬ್ಯಾಟರಿಯ ನೆಗೆಟಿವ್ ವೈರ್ ತೆಗೀಬೇಕು. ಗಾಳಿಯ ಬಿಸಿ ಅಳೆಯೋ ಸೆನ್ಸರ್‌ನ ಪ್ಲಗ್ ಹುಷಾರಾಗಿ ಬಿಚ್ಚಬೇಕು, ಅದರ ಕ್ಲಿಪ್ ಮುರಿದ್ರೆ ತಲೆನೋವು. ಕ್ಲ್ಯಾಂಪ್ ಸಡಿಲ ಮಾಡಿ ರಬ್ಬರ್ ಪೈಪು ಎಳೆದು, ನಟ್ಟು ಬಿಚ್ಚಿದ್ರೆ ಹಳೇ ಏರ್ ಫಿಲ್ಟರ್ ಡಬ್ಬ ಕೈಗೆ ಬರುತ್ತೆ. ಹೊಸ ಪೈಪ್ ಕೂರಿಸಿ, ಸೆನ್ಸರ್ ಅದರೊಳಗೆ ಹಾಕಿ, ಎಂಜಿನ್ನಿಂದ ಬರೋ ಸಣ್ಣ ಬ್ರೀದರ್ ಪೈಪನ್ನ ಮರೀದೆ ಜೋಡಿಸಬೇಕು. ಫಿಲ್ಟರ್ ತುದಿ ಕೆಳಗೆ, ಬಂಪರ್ ಹಿಂದೆ, ಫಾಗ್ ಲ್ಯಾಂಪ್ ಪಕ್ಕ ಹೋಗುತ್ತೆ. ಯಾಕಂದ್ರೆ ತಣ್ಣನೆ ಗಾಳಿ ಇರೋದು ಅಲ್ಲೇ.

‘ಹಳೇ ಡಬ್ಬ ತಗೊಂಡು ಹೋಗ್ತೀರಾ ಬಾಸ್?’ ಅಂದ ಹುಡುಗ. ನನ್ನ ರೂಮಲ್ಲಿ ಜಾಗ ಇಲ್ಲ. ‘ಗುಜರಿಗೆ ಹಾಕ್ಬಿಡಪ್ಪ’ ಅಂದೆ.

ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಒತ್ತಿದ್ರೆ, ಆಹಾ, ಏನು ಸೌಂಡು! ಗುರ್ ಅಂತ ಎಂಜಿನ್ ಉಸಿರಾಡೋದು ಕೇಳಿಸುತ್ತೆ. ಆಮೇಲೆ ಗೊತ್ತಾಯ್ತು, ಹಳೇ ಡಬ್ಬ ಮತ್ತು ಅದರ ಪಕ್ಕದ ಖಾಲಿ ಪೆಟ್ಟಿಗೆ ಇರೋದೇ ಆ ಸದ್ದನ್ನ ನುಂಗೋಕೆ. ಅದು ಹೋಯ್ತು, ಸದ್ದು ಬಂತು. ಸದ್ದು ಬಂದ ಕೂಡ್ಲೇ ನಮ್ಮ ತಲೆ ‘ಗಾಡಿ ಹಾರ್ತಾ ಇದೆ’ ಅಂತ ತೀರ್ಮಾನ ಮಾಡ್ಬಿಡುತ್ತೆ.

ಆದ್ರೆ ನಾನು ಲೆಕ್ಕದ ಮನುಷ್ಯ. ಕಿಟ್ ಹಾಕಿಸೋಕೆ ಒಂದು ವಾರ ಮುಂಚೆನೇ ಓಬಿಡಿ ಡಾಂಗಲ್ ತಗೊಂಡಿದ್ದೆ. ಸ್ಟೇರಿಂಗ್ ಕೆಳಗಿರೋ ಪೋರ್ಟ್‌ಗೆ ಚುಚ್ಚಿದ್ರೆ ಬ್ಲೂಟೂತಲ್ಲಿ ಫೋನಿಗೆ ಮಾಹಿತಿ ಬರುತ್ತೆ, ಎಂಜಿನ್ ಒಳಗೆ ಹೋಗೋ ಗಾಳಿ ಎಷ್ಟು ಬಿಸಿ ಇದೆ ಅನ್ನೋದೂ ಸೇರಿ. ಹಳೇದು, ಹೊಸದು ಎರಡನ್ನೂ ಎಕ್ಸೆಲ್ ಶೀಟಲ್ಲಿ ಬರ್ಕೊಂಡೆ.

ನೆಲಮಂಗಲದಿಂದ ಡಾಬಸ್‌ಪೇಟೆ ಕಡೆಗೆ 80ರಲ್ಲಿ ಹೋಗ್ತಿದ್ದಾಗ, ಹಳೇ ಡಬ್ಬದಲ್ಲಿ ಒಳಗೆ ಹೋಗೋ ಗಾಳಿ ಹೊರಗಿನ ಹವೆಗಿಂತ 5 ಡಿಗ್ರಿ ಮಾತ್ರ ಜಾಸ್ತಿ ಇತ್ತು. ಹೊಸ ಕಿಟ್‌ನಲ್ಲಿ 3 ಡಿಗ್ರಿ ಜಾಸ್ತಿ. ವ್ಯತ್ಯಾಸ ಎರಡೇ ಡಿಗ್ರಿ! ಯಾಕೆ ಅಂತ ಹುಡುಕಿದ್ರೆ, ಕಂಪನಿಯವರು ದಡ್ಡರಲ್ಲ ಸ್ವಾಮಿ. ಹಳೇ ಡಬ್ಬದ ಮೂತಿ ಮೊದಲಿಂದಲೂ ಗ್ರಿಲ್ ಹಿಂದೆ, ಮೇಲ್ಗಡೆ, ಹೊರಗಿನ ಗಾಳಿನೇ ಎಳ್ಕೊಳ್ತಿತ್ತು. ಅದೂ ಕೋಲ್ಡ್ ಏರ್ ಇನ್‌ಟೇಕೇ. ಪ್ಲಾಸ್ಟಿಕ್ ಮೈ, ಕೆಂಪು ಬಣ್ಣ ಇಲ್ಲ, ಅಷ್ಟೇ.

ಇನ್ನೂ ತಮಾಷೆ ಏನಂದ್ರೆ, ಗೊರಗುಂಟೆಪಾಳ್ಯ ಸಿಗ್ನಲ್ಲಲ್ಲಿ ಹತ್ತು ನಿಮಿಷ ನಿಂತಾಗ ಹೊಸ ಕಿಟ್‌ನಲ್ಲೇ ಗಾಳಿ ಜಾಸ್ತಿ ಬಿಸಿ ಆಗ್ತಿತ್ತು. ಅಲ್ಯೂಮಿನಿಯಂ ಪೈಪು ಎಂಜಿನ್ ಮೇಲೇ ಹಾದು ಹೋಗುತ್ತಲ್ಲ, ಒಲೆ ಮೇಲಿಟ್ಟ ಪಾತ್ರೆ ಥರ ಕಾಯ್ತಿತ್ತು.

ಈಗ ಲೆಕ್ಕಕ್ಕೆ ಬನ್ನಿ. ಎರಡು ಡಿಗ್ರಿ ವ್ಯತ್ಯಾಸಕ್ಕೆ ಗಾಳಿಯ ದಟ್ಟತೆ ಶೇ 1ಕ್ಕಿಂತ ಕಮ್ಮಿ ಹೆಚ್ಚಾಗುತ್ತೆ. 82 ಎಚ್‌ಪಿಗೆ ಅದು ಅರ್ಧ ಎಚ್‌ಪಿ. ಅಂದ್ರೆ ಒಂದು ಎಚ್‌ಪಿಗೆ 33,000 ರೂಪಾಯಿ. ಫಿಲ್ಟರಲ್ಲಿ ಗಾಳಿ ಸಲೀಸಾಗಿ ಹೋಗೋದ್ರಿಂದ ಇನ್ನರ್ಧ ಸಿಕ್ತು ಅಂತ ಧಾರಾಳವಾಗಿ ಸೇರಿಸಿದ್ರೂ ಒಂದು ಎಚ್‌ಪಿಗೆ 16,500. ಅಪ್ಪ ಇಡೀ ಕಾರನ್ನೇ ಎಚ್‌ಪಿಗೆ ಎಂಟೂವರೆ ಸಾವಿರದ ಲೆಕ್ಕದಲ್ಲಿ ತಗೊಂಡಿದ್ರು, ಅದೂ ಸೀಟು, ಏಸಿ, ನಾಲ್ಕು ಚಕ್ರದ ಸಮೇತ. ಅದೂ ಸಿಗೋದು ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮಾತ್ರ. ಬೆಂಗಳೂರಲ್ಲಿ ಎಷ್ಟು ಸಲ ಪೂರ್ತಿ ಒತ್ತೋಕಾಗುತ್ತೆ, ನೀವೇ ಹೇಳಿ.

ಇಲ್ಲಿಗೇ ಮುಗಿದಿದ್ರೆ ನಗೋ ಕಥೆ ಆಗಿರ್ತಿತ್ತು.

ಅಕ್ಟೋಬರ್‌ನ ಒಂದು ರಾತ್ರಿ. ಒಂದೂವರೆ ಗಂಟೆ ಸುರಿದಿತ್ತು ಮಳೆ. ಮನೆ ಹತ್ತಿರದ ತಗ್ಗಲ್ಲಿ ನೀರು ನಿಂತಿದೆ, ಆದ್ರೆ ಮುಂದಿನ ಕಾರು, ಆಟೋ ಎಲ್ಲ ದಾಟ್ತಾ ಇವೆ. ನಮ್ಮ ಕಾರಿನ ಅರ್ಧ ಚಕ್ರ ಮುಳುಗುವಷ್ಟು ನೀರು, ಅಷ್ಟೇ. ನಾನೂ ಇಳಿಸ್ದೆ. ಎದುರಿಂದ ಒಂದು ಟೆಂಪೋ ಬಂತು, ಅದರ ಅಲೆ ಬಂಪರ್‌ಗೆ ಬಡೀತು. ಟಕ್. ಎಂಜಿನ್ ನಿಂತೋಯ್ತು.

ಹಳೇ ಡಬ್ಬದ ಮೂತಿ ಬಾನೆಟ್ ಎತ್ತರದಲ್ಲಿತ್ತು. ನನ್ನ ಕೆಂಪು ಫಿಲ್ಟರ್ ರಸ್ತೆಯಿಂದ ಒಂದಡಿ ಚಿಲ್ಲರೆ ಎತ್ತರದಲ್ಲಿ ಬಾಯಿ ತೆಕ್ಕೊಂಡು ಕೂತಿತ್ತು. ಗಾಳಿ ಬದಲು ನೀರು ಕುಡಿದುಬಿಡ್ತು.

ಆಮೇಲೆ ನಾನು ಮಾಡಿದ್ದು ಇನ್ನೂ ದೊಡ್ಡ ತಪ್ಪು. ದಯವಿಟ್ಟು ಇದೊಂದನ್ನ ನೆನಪಿಟ್ಕೊಳ್ಳಿ: ನೀರಲ್ಲಿ ಎಂಜಿನ್ ನಿಂತ್ರೆ ಮತ್ತೆ ಕೀ ತಿರುಗಿಸಬಾರದು. ನಾನು ಎರಡು ಸಲ ತಿರುಗಿಸ್ದೆ. ಗಾಳಿಯನ್ನ ಅಮುಕಬಹುದು, ನೀರನ್ನ ಅಮುಕೋಕಾಗಲ್ಲ. ಸಿಲಿಂಡರ್ ಒಳಗೆ ನೀರಿದ್ದು ಪಿಸ್ಟನ್ ಮೇಲೆ ಬಂದ್ರೆ, ನೀರು ಜಗ್ಗಲ್ಲ, ಕೆಳಗಿರೋ ಕನೆಕ್ಟಿಂಗ್ ರಾಡ್ ಬಗ್ಗುತ್ತೆ. ಇದಕ್ಕೆ ಹೈಡ್ರೋಲಾಕ್ ಅಂತಾರೆ. ಸುಮ್ನೆ ಬಿಟ್ಟು ಗಾಡಿ ಎಳೆಸಿಕೊಂಡು ಹೋಗಿದ್ರೆ, ಸ್ಪಾರ್ಕ್ ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕಿ, ಆಯಿಲ್ ಬದಲಾಯಿಸಿ ಉಳಿಸೋ ಸಾಧ್ಯತೆ ಇತ್ತು. ನಂದು ಒಂದು ರಾಡ್ ಬಗ್ಗಿತ್ತು. ಎಂಜಿನ್ ಇಳಿಸಿ ಬಿಚ್ಚಬೇಕಾಯ್ತು. ಬಿಲ್ಲು 86,400 ರೂಪಾಯಿ.

ಅದೇ ರಾತ್ರಿ ಮಂಡಿವರೆಗಿನ ನೀರಲ್ಲಿ ಇಳಿದು ಬಂದೆ. ಅಷ್ಟಕ್ಕೇ ಮುಗೀತು ಅನ್ನೋದು ನನ್ನ ಅದೃಷ್ಟ. 2023ರ ಮೇ ತಿಂಗಳಲ್ಲಿ ಕೆ.ಆರ್. ಸರ್ಕಲ್ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ, ಕಾರಲ್ಲಿ ಸಿಕ್ಕಿಕೊಂಡ ಯುವತಿಯೊಬ್ಬರು ಜೀವ ಕಳ್ಕೊಂಡ್ರು. ನಮ್ಮ ವಯಸ್ಸಿನವರೇ. ಎಂಜಿನ್ ರಿಪೇರಿ ಆಗುತ್ತೆ. ನಿಂತ ನೀರಿಗೆ ಗಾಡಿ ಇಳಿಸೋ ಮೊದಲು ಇದನ್ನ ಯೋಚಿಸಿ.

ಇನ್ಶೂರೆನ್ಸ್ ಕ್ಲೇಮ್ ಹಾಕ್ದೆ. ಗಾಡಿ ಅಪ್ಪಂದಾದ್ದರಿಂದ ಸರ್ವೇಯರ್ ಫೋನ್ ಮಾಡಿದ್ದು ಅಪ್ಪಂಗೆ. ‘ಸರ್, ಗಾಡೀಲಿ ಏನಾದ್ರೂ ಆಲ್ಟರೇಷನ್ ಮಾಡಿಸಿದ್ದೀರಾ?’ ಅಂತ ಕೇಳಿದ್ದಾರೆ. ಅಪ್ಪ ಹೇಳಿದ್ದಾರೆ: ‘ಇಲ್ಲಪ್ಪ, ಶೋರೂಮಿಂದ ಬಂದ ಹಾಗೇ ಇದೆ.’ ಅವರಿಗೆ ಗೊತ್ತಿದ್ದದ್ದು ಅಷ್ಟೇ. ಸರ್ವೇಯರ್ ಹತ್ರ ಆಗಲೇ ಫೋಟೋ ಇತ್ತು.

ಮೂವತ್ತೆರಡು ವರ್ಷ ಪಾಠ ಹೇಳಿದ ಮನುಷ್ಯ. ನನ್ನ ಕೆಂಪು ಫಿಲ್ಟರಿಂದಾಗಿ, ಒಂದು ದಾಖಲೆಯಲ್ಲಿ ಸುಳ್ಳು ಹೇಳಿದವರಾಗ್ಬಿಟ್ರು. ಮಾರನೇ ದಿನ ಬಸ್ಸಲ್ಲಿ ಬಂದ್ರು. ಬೈತಾರೆ ಅಂತ ಕಾದೆ, ಬೈಲಿಲ್ಲ. ಸರ್ವೇಯರ್‌ಗೆ ‘ನನಗೆ ತಿಳಿಯದೆ ಆಗಿದೆ, ನನ್ನ ಹಿಂದಿನ ಮಾತು ತಪ್ಪು’ ಅಂತ ನೀಟಾಗಿ ಕನ್ನಡದಲ್ಲಿ ಪತ್ರ ಬರೆದು ಸೈನ್ ಹಾಕಿದ್ರು. ಆಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದ್ರು: ‘ಕಾರಲ್ಲಿದ್ದ ಡಬ್ಬ ಎಲ್ಲೋ?’

ಗುಜರಿಗೆ ಹಾಕಿದೀನಿ ಅಂತ ಹೇಳೋಕೆ ನಾಲಿಗೆ ಏಳಲಿಲ್ಲ.

ಕ್ಲೇಮಲ್ಲಿ ಸಿಕ್ಕಿದ್ದು ಒಳಗಡೆ ತೊಳೆದು ಒಣಗಿಸಿದ ಖರ್ಚು ಮಾತ್ರ. ಎಂಜಿನ್ನಿಗೆ ಒಂದು ರೂಪಾಯೂ ಇಲ್ಲ. ಎರಡು ಕಾರಣ ಕೊಟ್ರು. ಒಂದು, ನಮ್ಮ ಪಾಲಿಸಿಯಲ್ಲಿ ಎಂಜಿನ್ ಪ್ರೊಟೆಕ್ಟ್ ಅನ್ನೋ ಆ್ಯಡ್-ಆನ್ ಇರಲಿಲ್ಲ. ಅದಿಲ್ಲದಿದ್ರೆ ನೀರು ಹೊಕ್ಕು ಆಮೇಲೆ ಸ್ಟಾರ್ಟ್ ಮಾಡಿ ಆದ ಹಾನಿಯನ್ನ ಸಾಮಾನ್ಯವಾಗಿ ಕೊಡಲ್ಲ. ಎರಡು, ಬದಲಾವಣೆ ಮಾಡಿಸಿ ತಿಳಿಸಿರಲಿಲ್ಲ. ಎರಡೂ ಪಾಲಿಸಿಯಲ್ಲೇ ಬರೆದಿತ್ತು. ಬಿ.ಕಾಂ. ಓದಿದವನು ನಾನು, ಒಂದು ಸಲಾನೂ ಅದನ್ನ ಪೂರ್ತಿ ಓದಿರಲಿಲ್ಲ.

ಕಾನೂನಿನ ಮಾತನ್ನೂ ಹೇಳ್ಬಿಡ್ತೀನಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರೋ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗೋ ಹಾಗೆ ಮಾಲೀಕ ಗಾಡಿಯನ್ನ ಬದಲಾಯಿಸೋ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡೀತು. ಅದೇ ವರ್ಷ ತಿದ್ದುಪಡಿಯಲ್ಲಿ ಬಂದ 182ಎ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ‘ಆರ್‌ಸಿಯಲ್ಲಿ ಏರ್ ಫಿಲ್ಟರ್ ಅಂತ ಎಲ್ಲಿದೆ ಬಾಸ್’ ಅಂತ ಅಂಗಡಿಯವರು ಹೇಳ್ತಾರೆ. ಅವರ ಬಾಯಿ ಮಾತು ನಂಬಬೇಡಿ. ಆರ್‌ಟಿಓ ಆಫೀಸಲ್ಲಿ ಕೇಳಿ, ಇನ್ಶೂರೆನ್ಸ್‌ನವರಿಗೆ ಈಮೇಲ್ ಹಾಕಿ, ಉತ್ತರ ಬರವಣಿಗೆಯಲ್ಲಿ ಇಟ್ಕೊಳ್ಳಿ. ಮಾಲೀಕರು ಅಂದ್ರೆ ಯಾರು? ನಮ್ಮ ಕೇಸಲ್ಲಿ ಅಪ್ಪ.

ಹಾಗಾದ್ರೆ ಯಾರೂ ಹಾಕಿಸಲೇಬಾರದಾ? ರೇಸ್ ಟ್ರ್ಯಾಕಲ್ಲಿ ಓಡಿಸೋರಿಗೆ, ಟರ್ಬೋ ಎಂಜಿನ್‌ಗೆ ಟ್ಯೂನಿಂಗ್ ಜೊತೆಗೆ ಮಾಡಿಸೋರಿಗೆ ಅದರದ್ದೇ ಆದ ಅರ್ಥ ಇದೆ. ದಿನಾ ಆಫೀಸಿಗೆ ಹೋಗೋ ನಮ್ಮಂಥೋರು ಹಾಕಿಸಿದ್ರೆ ನಾಲ್ಕು ವಿಷಯ ನೋಡಿ. ಫಿಲ್ಟರ್ ರಸ್ತೆಯಿಂದ ಎಷ್ಟು ಎತ್ತರದಲ್ಲಿ ಕೂರುತ್ತೆ ಅಂತ ಟೇಪ್ ಹಿಡಿದು ಅಳೆಯಿರಿ. ನಿಮ್ಮ ಕಾರಲ್ಲಿ ಮಾಫ್ ಸೆನ್ಸರ್ ಇದ್ರೆ, ಅಂದ್ರೆ ಒಳಗೆ ಹೋಗೋ ಗಾಳಿಯನ್ನ ನೇರವಾಗಿ ಅಳೆಯೋ ಸೆನ್ಸರ್, ಪೈಪಿನ ಅಗಲ ಬದಲಾದ್ರೆ ಅದರ ಲೆಕ್ಕ ತಪ್ಪುತ್ತೆ. ಎಣ್ಣೆ ಹಾಕೋ ಹತ್ತಿ ಫಿಲ್ಟರ್ ಆದ್ರೆ, ಎಣ್ಣೆ ಜಾಸ್ತಿ ಆದ್ರೂ ಆ ಸೆನ್ಸರ್ ಕೊಳೆಯಾಗುತ್ತೆ. ಮತ್ತೆ, ಹಳೇ ಡಬ್ಬ ಎಸೀಬೇಡಿ. ಮಂಚದ ಕೆಳಗಾದ್ರೂ ಇಡಿ. ಹೊಸ ಡಬ್ಬಕ್ಕೆ ನಾನು ಮತ್ತೆ 5,800 ಕೊಟ್ಟೆ.

ಒಟ್ಟು ಲೆಕ್ಕ: ಕಿಟ್ 16,500, ಎಂಜಿನ್ 86,400, ಡಬ್ಬ 5,800. ಒಂದು ಲಕ್ಷದ ಎಂಟು ಸಾವಿರದ ಏಳ್ನೂರು. ಅಪ್ಪ ಎಂಜಿನ್ ಬಿಲ್ಲಲ್ಲಿ ಅರ್ಧ ಕೊಡ್ತೀನಿ ಅಂದ್ರು, ನಾನು ಬೇಡ ಅಂದೆ. ತಿಂಗಳಿಗೆ ಇಷ್ಟು ಅಂತ ತೀರಿಸ್ತಾ ಇದೀನಿ, ಇನ್ನು ಐದು ಕಂತು ಬಾಕಿ ಇದೆ.

ಕಾರು ಈಗ ಮತ್ತೆ ತುಮಕೂರಲ್ಲಿದೆ. ಹೋದ ವಾರ ಊರಿಗೆ ಹೋದಾಗ ಅಪ್ಪನೇ ಓಡಿಸ್ತಿದ್ರು, ನಾನು ಪಕ್ಕದಲ್ಲಿ. ಕ್ಯಾತ್ಸಂದ್ರ ದಾಟಿದ್ಮೇಲೆ ಸ್ವಲ್ಪ ಆಕ್ಸಿಲರೇಟರ್ ಒತ್ತಿ, ‘ಈಗ ಸದ್ದೇ ಇಲ್ಲ ನೋಡು, ಎಷ್ಟು ಚೆನ್ನಾಗಿ ಹೋಗುತ್ತೆ’ ಅಂದ್ರು. ನಾನು ಹೂಂ ಅಂದೆ.

ಇವತ್ತಿಗೆ ಇಷ್ಟೇ. ಈ ಸಂಚಿಕೆ ಮುಗಿದ ಮೇಲೆ ಒಂದು ಕೆಲಸ ಮಾಡಿ: ನಿಮ್ಮ ಗಾಡಿ ಇನ್ಶೂರೆನ್ಸ್‌ನ ಪಿಡಿಎಫ್ ಫೋನಲ್ಲೇ ಇರುತ್ತೆ, ತೆಗೆದು ಎಂಜಿನ್ ಪ್ರೊಟೆಕ್ಟ್ ಇದೆಯಾ ನೋಡಿ. ಗಾಡಿ ಮನೆಯವರ ಹೆಸರಲ್ಲಿದ್ರೆ, ಏನೇ ಮಾಡಿಸೋ ಮುಂಚೆ ಅವರಿಗೊಂದು ಮಾತು ಹೇಳಿ. ಮುಂದಿನ ವಾರ ಸಿಗೋಣ. ಮಳೆ ಬಂದ್ರೆ ನಿಂತು, ನೀರು ಇಳಿದ ಮೇಲೆ ಹೊರಡಿ. ನಮಸ್ಕಾರ.