ನಮ್ಮೂರಿಗೆ ಯಾವಾಗ ಬಂದರೆ ಚೆನ್ನ?

ದೂರದ ಊರಿನಲ್ಲಿರುವ ನೆಂಟರು ಫೋನ್ ಮಾಡಿದಾಗ ಈ ಪ್ರಶ್ನೆ ಕೇಳದೆ ಇರುವುದಿಲ್ಲ: "ನಿಮ್ಮೂರಿಗೆ ಯಾವಾಗ ಬಂದರೆ ಚೆನ್ನ?" ನಂಜನಗೂಡು, ತಿರುಮಕೂಡಲು ನರಸೀಪುರದ ಕಡೆಯ ಮಕ್ಕಳಾದ ನೀವು ಏನು ಹೇಳುತ್ತೀರಿ? "ಬೇಸಿಗೆ ರಜಕ್ಕೆ ಬನ್ನಿ, ನಮಗೂ ಆಟಕ್ಕೆ ಬಿಡುವಿರುತ್ತದೆ" ಎನ್ನಬಹುದು. "ದಸರಾಕ್ಕೆ ಬಂದುಬಿಡಿ" ಎನ್ನಲೂಬಹುದು. ಎರಡೂ ಅಕ್ಕರೆಯ ಉತ್ತರಗಳೇ. ಅದಕ್ಕೆ ಸ್ವಲ್ಪ ವಿಜ್ಞಾನವನ್ನೂ ಸೇರಿಸಿದರೆ ಉತ್ತರ ಇನ್ನಷ್ಟು ಗಟ್ಟಿಯಾಗುತ್ತದೆ. ಯಾವ ಊರಿಗಾಗಲಿ, ಯಾವ ದೇಶಕ್ಕಾಗಲಿ, ಹೋಗುವ ಕಾಲ ಗೊತ್ತುಮಾಡುವ ಮೊದಲು ನಾಲ್ಕು ವಿಷಯ ವಿಚಾರಿಸಬೇಕು. ಸೂರ್ಯ ಅಲ್ಲಿ ನೆತ್ತಿಗೆ ಹತ್ತಿರ ಯಾವಾಗ ಬರುತ್ತಾನೆ? ಗಾಳಿ ಯಾವ ದಿಕ್ಕಿನಿಂದ ಬೀಸುತ್ತದೆ? ನದಿಗೆ ನೀರು ಎಲ್ಲಿಂದ ಬರುತ್ತದೆ? ಊರು ಎಷ್ಟು ಎತ್ತರದಲ್ಲಿದೆ?

ಬನ್ನಿ, ಒಂದೊಂದಾಗಿ ನೋಡೋಣ.

ಸೂರ್ಯ ನೆತ್ತಿಗೆ ಬರುವ ದಿನ

ಭೂಮಿಯ ನಡುವಿನ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 12 ಡಿಗ್ರಿ ಅಕ್ಷಾಂಶದಲ್ಲಿ ನಮ್ಮ ಎರಡೂ ಊರುಗಳಿವೆ. ಭೂಮಿ ತುಸು ವಾಲಿಕೊಂಡೇ ಸೂರ್ಯನನ್ನು ಸುತ್ತುವುದರಿಂದ ವರ್ಷದಲ್ಲಿ ಎರಡು ಸಲ ಮಧ್ಯಾಹ್ನದ ಸೂರ್ಯ ಸರಿಯಾಗಿ ನಮ್ಮ ನೆತ್ತಿಯ ಮೇಲೆ ಬರುತ್ತಾನೆ. ಮೊದಲ ಸಲ ಏಪ್ರಿಲ್ 21–22ರ ಆಸುಪಾಸು, ಎರಡನೆಯ ಸಲ ಆಗಸ್ಟ್ 20–21ರ ಆಸುಪಾಸು. ಆ ದಿನ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಗಡಿಯಾರದಲ್ಲಿ 12 ಗಂಟೆ 20 ನಿಮಿಷ ದಾಟುವ ಹೊತ್ತಿಗೆ ಕೋಲಿನ ನೆರಳು ಅದರ ಬುಡದಲ್ಲೇ ಅಡಗಿಬಿಡುತ್ತದೆ. ಇದನ್ನು ಶೂನ್ಯ ನೆರಳಿನ ದಿನ ಎನ್ನುತ್ತಾರೆ.

ಸೂರ್ಯನ ಕಿರಣ ನೇರವಾಗಿ ಬಿದ್ದಷ್ಟೂ ನೆಲ ಹೆಚ್ಚು ಕಾಯುತ್ತದೆ. ಆದ್ದರಿಂದಲೇ ಏಪ್ರಿಲ್ ತಿಂಗಳಲ್ಲಿ ನಮ್ಮಲ್ಲಿ ಬಿಸಿಲು 35 ಡಿಗ್ರಿ ಸೆಲ್ಸಿಯಸ್ ಸುಮಾರಿಗೆ ಏರುತ್ತದೆ. ಹಾಗಾದರೆ ಆಗಸ್ಟ್‌ನಲ್ಲೂ ಅಷ್ಟೇ ಸೆಕೆ ಇರಬೇಕಲ್ಲವೇ? ಇರುವುದಿಲ್ಲ. ಆಗ ಮುಂಗಾರಿನ ಮೋಡಗಳು ಆಕಾಶ ಮುಚ್ಚಿಕೊಂಡು ಬಿಸಿಲನ್ನು ತಡೆಯುತ್ತವೆ. ಪಡುವಣ ಗಾಳಿಯೂ ಬಿಡದೆ ಬೀಸುತ್ತದೆ. ಒಂದೇ ಸೂರ್ಯ ಒಂದೇ ನೆತ್ತಿಗೆ ಎರಡು ಸಲ ಬಂದರೂ ಒಂದು ಸಲ ಬೇಸಿಗೆ, ಇನ್ನೊಂದು ಸಲ ತಂಪು. ಸೂರ್ಯನೊಬ್ಬನನ್ನೇ ಕೇಳಿದರೆ ಸಾಲದು, ಗಾಳಿಯನ್ನೂ ಕೇಳಬೇಕು ಎನ್ನುವುದು ಇದಕ್ಕೇ.

ಬೆಟ್ಟದಾಚೆಯ ಮಳೆ, ಬೆಟ್ಟದೀಚೆಯ ಮಳೆ

ಜೂನ್ ಬಂತೆಂದರೆ ಅರಬ್ಬೀ ಸಮುದ್ರದಿಂದ ತೇವ ಹೊತ್ತ ಗಾಳಿ ನಮ್ಮ ರಾಜ್ಯದತ್ತ ಬೀಸುತ್ತದೆ. ದಾರಿಗೆ ಅಡ್ಡವಾಗಿ ಪಶ್ಚಿಮ ಘಟ್ಟ ನಿಂತಿದೆ. ಗಾಳಿ ಘಟ್ಟ ಹತ್ತಲೇಬೇಕು. ಮೇಲೇರಿದ ಗಾಳಿ ಹಿಗ್ಗುತ್ತದೆ, ಹಿಗ್ಗಿದ್ದು ತಣಿಯುತ್ತದೆ, ತಣಿದ ಗಾಳಿಯಲ್ಲಿನ ಆವಿ ಹನಿಯಾಗಿ ಮೋಡ ಕಟ್ಟಿ ಮಳೆ ಸುರಿಯುತ್ತದೆ. ಘಟ್ಟದ ಮೇಲಿನ ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆಯಾಗುವುದು ಈ ಕಾರಣದಿಂದ. ಘಟ್ಟ ದಾಟಿ ಈಚೆಗೆ ಇಳಿಯುವ ಹೊತ್ತಿಗೆ ಆ ಗಾಳಿ ಚೆನ್ನಾಗಿ ಹಿಂಡಿದ ಟವೆಲ್ಲಿನಂತೆ ಆಗಿರುತ್ತದೆ. ಒದ್ದೆ ಇದೆ, ತೊಟ್ಟಿಕ್ಕುವಷ್ಟು ನೀರಿಲ್ಲ. ಇಳಿಯುತ್ತಾ ಅದು ಬೆಚ್ಚಗೂ ಆಗುತ್ತದೆ. ಬೆಟ್ಟದ ಮರೆಯಲ್ಲಿರುವ ಇಂಥ ಜಾಗವನ್ನು ಮಳೆ ನೆರಳಿನ ಪ್ರದೇಶ ಎಂದು ನಿಮ್ಮ ಪಾಠದಲ್ಲೂ ಓದಿರುತ್ತೀರಿ. ನಂಜನಗೂಡು, ನರಸೀಪುರ ಎರಡೂ ಆ ನೆರಳಿನಲ್ಲಿವೆ. ಇಲ್ಲಿ ಇಡೀ ವರ್ಷ ಬೀಳುವ ಮಳೆ ಸುಮಾರು 700 ಮಿಲಿಮೀಟರ್ ಮಾತ್ರ.

ಆ 700 ಮಿಲಿಮೀಟರ್ ಯಾವಾಗ ಬೀಳುತ್ತದೆ ಎನ್ನುವುದು ಇನ್ನೂ ಸ್ವಾರಸ್ಯದ ಸಂಗತಿ. ದೇಶದ ಬಹುಪಾಲು ಕಡೆ ಜುಲೈ, ಆಗಸ್ಟ್ ದೊಡ್ಡ ಮಳೆಯ ತಿಂಗಳು. ನಮ್ಮಲ್ಲಿ ಆಗ ಮೋಡ ಓಡುತ್ತದೆ, ತುಂತುರು ಹನಿಯುತ್ತದೆ, ಅಷ್ಟೆ. ನಮ್ಮ ಜೋರು ಮಳೆಗಳು ಬರುವುದು ಮೇ ತಿಂಗಳಲ್ಲಿ ಒಂದು ಸಲ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇನ್ನೊಂದು ಸಲ.

ಮೇ ತಿಂಗಳಿನದು ಗುಡುಗಿನ ಮಳೆ. ಹಗಲೆಲ್ಲ ಕಾದ ನೆಲ ತನ್ನ ಮೇಲಿನ ಗಾಳಿಯನ್ನು ಕಾಯಿಸುತ್ತದೆ. ಬಿಸಿ ಗಾಳಿ ಹಗುರ, ಅದು ಮೇಲಕ್ಕೇರಿ ಸಂಜೆಯ ಹೊತ್ತಿಗೆ ಎತ್ತರದ ಕಾರ್ಮೋಡ ಕಟ್ಟುತ್ತದೆ. ಸಿಡಿಲು, ಬಿರುಗಾಳಿ, ಕೆಲವೊಮ್ಮೆ ಆಲಿಕಲ್ಲು. ಒಂದು ಗಂಟೆಯಲ್ಲಿ ಊರೆಲ್ಲ ತೊಯ್ದು ಮತ್ತೆ ಆಕಾಶ ತಿಳಿಯಾಗುತ್ತದೆ. ಅಕ್ಟೋಬರಿನದು ಹಿಂಗಾರು. ಆಗ ಗಾಳಿ ದಿಕ್ಕು ಬದಲಿಸಿ ಈಶಾನ್ಯದಿಂದ ಬೀಸತೊಡಗುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅಲ್ಲಿನ ತೇವ ನಮ್ಮವರೆಗೂ ಬರುತ್ತದೆ. ಹೀಗೆ ದಸರಾ ರಜೆ ಬರುವ ಹೊತ್ತೇ ನಮ್ಮ ಊರಿನ ದೊಡ್ಡ ಮಳೆಗಾಲದ ಹೊತ್ತು. ದಸರಾಕ್ಕೆ ಬರುವ ನೆಂಟರಿಗೆ ಕೊಡೆ ತರಲು ಹೇಳಿ.

ನಿಮ್ಮ ಅಜ್ಜ ಅಜ್ಜಿಯರಿಗೆ ಇದು ಮೊದಲೇ ಗೊತ್ತು. ಅವರು ಮಳೆಯನ್ನು ನಕ್ಷತ್ರದ ಹೆಸರಿನಿಂದ ಕರೆಯುತ್ತಾರೆ: ಭರಣಿ, ಕೃತ್ತಿಕೆ, ರೋಹಿಣಿ, ಆರಿದ್ರ, ಹಸ್ತ, ಚಿತ್ತ, ಸ್ವಾತಿ. ಆಕಾಶದಲ್ಲಿ ಸೂರ್ಯ ಒಂದೊಂದು ನಕ್ಷತ್ರದ ಭಾಗವನ್ನು ದಾಟಲು ಹದಿಮೂರು, ಹದಿನಾಲ್ಕು ದಿನ ಬೇಕು. ಅಷ್ಟು ದಿನದ ಮಳೆಗೆ ಆ ನಕ್ಷತ್ರದ ಹೆಸರು. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ ಭರಣಿ ಮಳೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಮೊದಲ ವಾರದವರೆಗೆ ಹಸ್ತ, ಚಿತ್ತ, ಸ್ವಾತಿ. ಇದು ಸೂರ್ಯನ ನಡೆಯನ್ನು ಅನುಸರಿಸಿದ ಕ್ಯಾಲೆಂಡರ್. ಸೂರ್ಯನಿಂದಲೇ ಋತು ಆಗುವುದರಿಂದ ರೈತರಿಗೆ ಇದು ಇಂದಿಗೂ ಉಪಯೋಗಕ್ಕೆ ಬರುತ್ತದೆ.

ಮಳೆ ಇಲ್ಲದ ದಿನ ಬರುವ ಹೊಳೆ

ಈಗ ಮೂರನೆಯ ಪ್ರಶ್ನೆ. ನಮ್ಮ ಊರುಗಳ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ.

ನಂಜನಗೂಡಿನ ಕಪಿಲೆ, ಅಂದರೆ ಕಬಿನಿ ನದಿ, ಹುಟ್ಟುವುದು ಕೇರಳದ ವಯನಾಡಿನಲ್ಲಿ. ಅದು ಘಟ್ಟದ ನಾಡು. ಅಲ್ಲಿ ಜುಲೈ, ಆಗಸ್ಟ್‌ನಲ್ಲಿ ಮುಂಗಾರು ಎಡೆಬಿಡದೆ ಸುರಿಯುತ್ತದೆ. ಆ ನೀರೆಲ್ಲ ಹೊಳೆಗಳಾಗಿ ಕೂಡಿ, ಹೆಗ್ಗಡದೇವನಕೋಟೆ ತಾಲ್ಲೂಕಿನ ಕಬಿನಿ ಜಲಾಶಯಕ್ಕೆ ಬಂದು ಸೇರುತ್ತದೆ. 1974ರಲ್ಲಿ ಪೂರ್ಣಗೊಂಡ ಈ ಜಲಾಶಯ ಹಿಡಿಯುವುದು ಸುಮಾರು 19.5 ಟಿಎಂಸಿ ನೀರು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಕೃಷ್ಣರಾಜಸಾಗರ 49 ಟಿಎಂಸಿಗೂ ಹೆಚ್ಚು ಹಿಡಿಯುತ್ತದೆ. ಕಬಿನಿ ಅದರ ಅರ್ಧಕ್ಕಿಂತಲೂ ಚಿಕ್ಕದು, ಹಾಗಾಗಿ ಬೇಗ ತುಂಬುತ್ತದೆ. ತುಂಬಿದ ಮೇಲೂ ವಯನಾಡಿನಲ್ಲಿ ಮಳೆ ನಿಲ್ಲದಿದ್ದರೆ ಗೇಟು ತೆರೆದು ನೀರು ಬಿಡಲೇಬೇಕು. ಆ ನೀರು ನೇರವಾಗಿ ನಂಜನಗೂಡಿಗೆ ಬರುತ್ತದೆ.

2018 ಮತ್ತು 2019ರ ಆಗಸ್ಟ್‌ನಲ್ಲಿ ಹೀಗೆಯೇ ಆಯಿತು. ಕಪಿಲೆ ಉಕ್ಕಿ ಸ್ನಾನಘಟ್ಟ, ಹದಿನಾರು ಕಾಲು ಮಂಟಪ ಮುಳುಗಿದವು. ತಗ್ಗಿನ ಬೀದಿಗಳಿಗೆ ನೀರು ನುಗ್ಗಿತು. ಮೈಸೂರು–ಊಟಿ ರಸ್ತೆಯ ಸಂಚಾರ ನಿಂತಿತು. ನಂಜನಗೂಡಿನಲ್ಲಿ ಬರೀ ತುಂತುರು ಇರುವ ದಿನವೂ ಪ್ರವಾಹ ಬರಬಹುದು ಎನ್ನುವುದನ್ನು ಚೆನ್ನಾಗಿ ನೆನಪಿಡಿ. ಊರಿನ ಆಕಾಶಕ್ಕೆ ಒಂದು ಮಳೆಗಾಲ, ಊರಿನ ಹೊಳೆಗೆ ಇನ್ನೊಂದು ಮಳೆಗಾಲ. ಜುಲೈ, ಆಗಸ್ಟ್‌ನಲ್ಲಿ ತಲೆಯ ಮೇಲೆ ಬಿಸಿಲಿದ್ದರೂ ಹೊಳೆಗೆ ಇಳಿಯಬೇಡಿ. ಬಂದ ನೆಂಟರನ್ನೂ ಇಳಿಯಲು ಬಿಡಬೇಡಿ. ಮೇಲಿನಿಂದ ಬಿಟ್ಟ ನೀರಿಗೆ ನಿಮ್ಮ ಊರಿನ ಹವೆ ಗೊತ್ತಿಲ್ಲ.

ಕಪಿಲೆ ಮುಂದೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತದೆ. ಕಾವೇರಿ ಬರುವುದು ಕೊಡಗಿನಿಂದ. ಅಂದರೆ ಆಗಸ್ಟ್ ತಿಂಗಳ ಸಂಗಮದಲ್ಲಿ ಕೊಡಗಿನ ಮಳೆ, ವಯನಾಡಿನ ಮಳೆ ಎರಡೂ ಕೂಡುತ್ತವೆ, ಅದೂ ಮಳೆ ನೆರಳಿನ ಊರಿನಲ್ಲಿ! ಕಾಲುವೆಗಳಲ್ಲಿ ಹರಿಯುವ ಆ ನೀರಿನಿಂದಲೇ ಈ ಸೀಮೆಯಲ್ಲಿ ಭತ್ತದ ನಾಟಿ ನಡೆಯುತ್ತದೆ. ಸ್ವಂತ ಮಳೆಯನ್ನಷ್ಟೇ ನಂಬಿದ್ದರೆ ಇಷ್ಟು ಗದ್ದೆ ಇಲ್ಲಿ ಇರುತ್ತಿರಲಿಲ್ಲ.

ಸಂಗಮದಲ್ಲಿ ಕುಂಭಮೇಳ ನಡೆಯುವುದು ಮಾಘ ಮಾಸದಲ್ಲಿ. 1989ರಲ್ಲಿ ಆರಂಭವಾದ ಈ ಮೇಳ 2025ರಲ್ಲಿ ಫೆಬ್ರವರಿ 10ರಿಂದ 12ರವರೆಗೆ ನಡೆಯಿತು. ನಂಜನಗೂಡಿನ ದೊಡ್ಡ ಜಾತ್ರೆಯ ಐದು ತೇರು ಎಳೆಯುವುದು ಫಾಲ್ಗುಣದಲ್ಲಿ, ಮಾರ್ಚ್–ಏಪ್ರಿಲ್ ಹೊತ್ತಿಗೆ. ಎರಡೂ ಹೊಳೆ ಇಳಿದ, ಆಕಾಶ ತೆರೆದ ತಿಂಗಳುಗಳು. ಸಾವಿರಾರು ಜನ ನೀರಿಗಿಳಿಯಲು, ಭಾರದ ತೇರು ಒಣ ಬೀದಿಯಲ್ಲಿ ಉರುಳಲು ಇದು ತಕ್ಕ ಕಾಲ.

ಎತ್ತರದ ಲೆಕ್ಕ

ಗಾಳಿ ಮೇಲೇರಿದರೆ ಹಿಗ್ಗಿ ತಣಿಯುತ್ತದೆ ಎಂದೆವಲ್ಲ, ಎತ್ತರದ ಊರುಗಳು ತಂಪಾಗಿರುವುದಕ್ಕೂ ಅದೇ ಮುಖ್ಯ ಕಾರಣ. ಸರಾಸರಿ ಒಂದು ಕಿಲೋಮೀಟರ್ ಮೇಲಕ್ಕೆ ಹೋದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ನಂಜನಗೂಡು ಸಮುದ್ರ ಮಟ್ಟದಿಂದ ಸುಮಾರು 650 ಮೀಟರ್ ಎತ್ತರದಲ್ಲಿದೆ. ನಂಜನಗೂಡಿನಿಂದ ಬಸ್ಸು ಹತ್ತಿ ಮೈಸೂರು–ಊಟಿ ರಸ್ತೆಯಲ್ಲಿ ಹೋದರೆ ಸಿಗುವ ಊಟಿ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಲೆಕ್ಕ ಹಾಕಿ: ವ್ಯತ್ಯಾಸ ಸುಮಾರು 1.6 ಕಿಲೋಮೀಟರ್, ಅಂದರೆ ಹತ್ತು ಡಿಗ್ರಿಯಷ್ಟು ತಂಪು. ಒಂದೇ ದಿನ, ಒಂದೇ ಬಸ್ಸು, ಎರಡು ಹವಾಮಾನ.

ಕಾಲ ಆರಿಸಿಕೊಂಡು ಬರುವ ಅತಿಥಿಗಳು

ಈ ಎಲ್ಲ ಲೆಕ್ಕವನ್ನು ಪುಸ್ತಕ ಓದದೆಯೇ ಮಾಡುವ ಅತಿಥಿಗಳು ನಮ್ಮ ಸೀಮೆಗೆ ಬರುತ್ತಾರೆ. ನಂಜನಗೂಡು ತಾಲ್ಲೂಕಿನ ಹದಿನಾರು ಎಂಬ ಊರಿನ ಕೆರೆಗೆ ಚಳಿಗಾಲದಲ್ಲಿ ಹೋಗಿ ನೋಡಿ. ಬೂದು ಬಿಳುಪಿನ ಮೈ, ಬಿಳಿ ತಲೆಯ ಹಿಂದೆ ಎರಡು ಕಪ್ಪು ಪಟ್ಟೆ. ಅವು ಪಟ್ಟೆತಲೆ ಹೆಬ್ಬಾತುಗಳು. ಬೇಸಿಗೆಯಲ್ಲಿ ಅವು ಮಂಗೋಲಿಯಾ, ಟಿಬೆಟ್ ಕಡೆಯ ಕೆರೆಗಳಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ಚಳಿ ಬಿದ್ದು ಅಲ್ಲಿನ ನೀರು ಹೆಪ್ಪುಗಟ್ಟುವ ಮೊದಲು ಹಿಮಾಲಯ ದಾಟಿ ದಕ್ಷಿಣಕ್ಕೆ ಹಾರುತ್ತವೆ.

ಅವು ಇಲ್ಲಿಗೆ ಬರುವ ಹೊತ್ತು ನೋಡಿ. ಹಿಂಗಾರು ಮಳೆ ಕೆರೆಗೆ ನೀರು ಕೊಟ್ಟು ಮುಗಿದಿರುತ್ತದೆ. ಗದ್ದೆಗಳಲ್ಲಿ ಕೊಯ್ಲು ನಡೆದು ಕಾಳು, ಹುಲ್ಲು, ಚಿಗುರು ಸಿಗುತ್ತಿರುತ್ತದೆ. ಹಗಲು ಹಿತ, ರಾತ್ರಿ ತಂಪು. ಬೇಸಿಗೆಯ ಝಳ ಏರುವ ಹೊತ್ತಿಗೆ ಹಕ್ಕಿಗಳು ಮತ್ತೆ ಉತ್ತರಕ್ಕೆ ಹೊರಟುಬಿಡುತ್ತವೆ. ಅವುಗಳನ್ನು ನೋಡಲು ಹೋದಾಗ ದೂರದಿಂದಲೇ ನೋಡಿ, ಗದ್ದಲ ಮಾಡಬೇಡಿ, ಕಲ್ಲು ಎಸೆಯಬೇಡಿ. ಅಷ್ಟು ದೂರ ಹಾರಿ ಬಂದವಕ್ಕೆ ವಿಶ್ರಾಂತಿ ಬೇಕು.

ಹಾಗಾದರೆ ಯಾವಾಗ ಬರಬೇಕು?

ಏನು ನೋಡಬೇಕು ಎಂದು ಮೊದಲು ಕೇಳಿ, ಆಮೇಲೆ ತಿಂಗಳು ಹೇಳಿ.

ಹೆಬ್ಬಾತು ನೋಡಬೇಕೇ? ಡಿಸೆಂಬರ್‌ನಿಂದ ಫೆಬ್ರವರಿ. 1258ರ ಸೋಮನಾಥಪುರದ ಕೇಶವ ದೇವಾಲಯ, ತಲಕಾಡಿನ ಮರಳು ದಿಬ್ಬ ಸುತ್ತಬೇಕೇ? ಅದಕ್ಕೂ ಚಳಿಗಾಲವೇ ಹಿತ. ಒಣ ಮರಳು ಬಿಸಿಲಿಗೆ ಬೇಗ ಕಾಯುತ್ತದೆ, ಏಕೆಂದರೆ ಶಾಖ ಹೀರಿ ಆವಿಯಾಗಲು ಅದರಲ್ಲಿ ನೀರಿಲ್ಲ, ಕಣಗಳ ನಡುವಿನ ಗಾಳಿ ಶಾಖವನ್ನು ಕೆಳಗಿಳಿಯಲೂ ಬಿಡುವುದಿಲ್ಲ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಬರಿಗಾಲಲ್ಲಿ ನಡೆಯಲಾಗದು. ತುಂಬಿದ ಹೊಳೆ ನೋಡಬೇಕೇ? ಜುಲೈ, ಆಗಸ್ಟ್, ಸೇತುವೆಯ ಮೇಲಿನಿಂದ, ದೊಡ್ಡವರ ಕೈ ಹಿಡಿದು. ಹಸಿರು ಗದ್ದೆ ಬೇಕೇ? ಸೆಪ್ಟೆಂಬರ್, ಅಕ್ಟೋಬರ್. ಗುಡುಗು ಮಳೆಯ ಸೊಗಸು ಬೇಕೇ? ಮೇ.

ಇದೇ ನಾಲ್ಕು ಪ್ರಶ್ನೆ ಹಿಡಿದು ಇಡೀ ಭಾರತ ಸುತ್ತಬಹುದು. ಲಡಾಖಿನ ಲೇಹ್ ಸುಮಾರು 3,500 ಮೀಟರ್ ಎತ್ತರದಲ್ಲಿದೆ, ಹಿಮಾಲಯದ ಮಳೆ ನೆರಳಿನಲ್ಲೂ ಇದೆ. ಆದ್ದರಿಂದ ಆಗುಂಬೆ ನೆನೆಯುವ ಜುಲೈ ತಿಂಗಳೇ ಲೇಹ್‌ಗೆ ಹೋಗಲು ಒಳ್ಳೆಯ ಕಾಲ. ಚೆನ್ನೈ ಪೂರ್ವ ಕರಾವಳಿಯ ಊರು. ಅದರ ದೊಡ್ಡ ಮಳೆ ಅಕ್ಟೋಬರಿನಿಂದ ಡಿಸೆಂಬರ್‌ವರೆಗೆ. ರಾಜಸ್ಥಾನದ ಮರುಭೂಮಿಗೆ ನವೆಂಬರಿನಿಂದ ಫೆಬ್ರವರಿ. ಸಿಡ್ನಿಯಲ್ಲಿರುವ ಚಿಕ್ಕಪ್ಪನ ಮನೆಗೆ ಹೋಗುವುದಾದರೆ ಭೂಮಿಯ ವಾಲಿಕೆಯನ್ನು ನೆನಪಿಸಿಕೊಳ್ಳಿ: ನಮಗೆ ಡಿಸೆಂಬರ್ ಚಳಿ, ಅವರಿಗೆ ಅದೇ ಬೇಸಿಗೆ. ಒಂದು ದೇಶಕ್ಕೆಲ್ಲ ಒಂದೇ ಒಳ್ಳೆಯ ಕಾಲ ಎನ್ನುವುದು ಇಲ್ಲ. ಊರಿಗೊಂದು ಕಾಲ, ನೋಡುವ ನೋಟಕ್ಕೊಂದು ಕಾಲ.

ನೀವೇ ಮಾಡಿ ನೋಡಿ

ಅಗಲ ಬಾಯಿಯ, ನೇರ ಗೋಡೆಯ, ಚಪ್ಪಟೆ ತಳದ ಒಂದು ಡಬ್ಬ ತೆಗೆದುಕೊಳ್ಳಿ. ಮರ, ಸೂರು ಅಡ್ಡ ಬಾರದ ಬಯಲಿನಲ್ಲಿಡಿ. ಮಳೆ ಬಂದ ಮಾರನೆಯ ಬೆಳಿಗ್ಗೆ ಎಂಟೂವರೆಗೆ ಸ್ಕೇಲಿನಿಂದ ನೀರಿನ ಎತ್ತರ ಅಳೆದು, ಎಷ್ಟು ಮಿಲಿಮೀಟರ್ ಎಂದು ನೋಟ್‌ಬುಕ್‌ನಲ್ಲಿ ಬರೆಯಿರಿ. ಹವಾಮಾನ ಇಲಾಖೆಯವರು ಅಳೆಯುವುದೂ ಇದೇ ಹೊತ್ತಿಗೆ. ಬರೆದು, ನೀರು ಚೆಲ್ಲಿ, ಡಬ್ಬವನ್ನು ಮತ್ತೆ ಅಲ್ಲೇ ಇಡಿ. ಪಕ್ಕದ ಸಾಲಿನಲ್ಲಿ ಆ ದಿನ ಪತ್ರಿಕೆಯಲ್ಲಿ ಬಂದ ಕಬಿನಿ ಜಲಾಶಯದ ನೀರಿನ ಮಟ್ಟ ಬರೆಯಿರಿ. ಒಂದು ವರ್ಷ ಹೀಗೆ ಮಾಡಿ ಎರಡನ್ನೂ ಗ್ರಾಫ್ ಹಾಳೆಯಲ್ಲಿ ಎಳೆಯಿರಿ. ನಿಮ್ಮ ಡಬ್ಬದ ಗೆರೆ ಎಲ್ಲಿ ಏರಿದೆ, ಜಲಾಶಯದ ಗೆರೆ ಎಲ್ಲಿ ಏರಿದೆ ಎಂದು ಹೋಲಿಸಿ, ಎರಡೂ ಒಂದೇ ತಿಂಗಳಲ್ಲಿ ಏಕೆ ಏರಲಿಲ್ಲ ಎಂಬುದನ್ನು ತರಗತಿಯ ಗೆಳೆಯರಿಗೆ ನಿಮ್ಮದೇ ಮಾತಿನಲ್ಲಿ ವಿವರಿಸಿ.