ಮಳೆ ನಕ್ಷತ್ರಗಳ ಊರಿನಲ್ಲಿ ಆಕಾಶ ಪ್ರವಾಸ

(ಗ್ರಾಮಾಂತರ ಶಾಲೆಗಳ ಶಿಕ್ಷಕರ ಮುಂದೆ ಆಡಿದ ಮಾತುಗಳ ಬರಹರೂಪ)



ಪ್ರವಾಸವೆಂದರೆ ನಮಗೆ ಹಗಲಿನ ಮಾತು. ರಾಮದೇವರ ಬೆಟ್ಟ, ಸಾವನದುರ್ಗ, ಮೇಕೆದಾಟು, ಚನ್ನಪಟ್ಟಣದ ಬೊಂಬೆ ಅಂಗಡಿಗಳನ್ನು ನೋಡಿ, ಕತ್ತಲಾಗುವ ಮುನ್ನ ಬಂದವರು ಬೆಂಗಳೂರಿನ ದಾರಿ ಹಿಡಿಯುತ್ತಾರೆ. ಆದರೆ ಜಗತ್ತಿನ ಹಲವೆಡೆ ಈಗ ಕತ್ತಲನ್ನೇ ಹುಡುಕಿಕೊಂಡು ಜನ ಬರುತ್ತಿದ್ದಾರೆ. ನಗರದ ಬೆಳಕಿನಲ್ಲಿ ಹತ್ತಿಪ್ಪತ್ತು ನಕ್ಷತ್ರ ಮಾತ್ರ ಕಂಡವರಿಗೆ ಸಾವಿರಾರು ನಕ್ಷತ್ರಗಳನ್ನು ಒಟ್ಟಿಗೆ ನೋಡುವ ಆಸೆ. ಇದಕ್ಕೆ ಖಗೋಳ ಪ್ರವಾಸ ಎಂದು ಹೆಸರು.

ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳಿಗೂ ಈ ಪ್ರವಾಸ ಬರಬಹುದು. ಬಂದಾಗ ದೂರದರ್ಶಕದ ಪಕ್ಕ ನಿಂತು ವಿವರಿಸುವವರು ಯಾರು? ನಗರದಿಂದ ಕರೆತಂದವರೋ, ಊರಿನ ಶಾಲೆಯಲ್ಲಿ ಕಲಿತ ಮಕ್ಕಳೋ? ಊರಿನವರು ಊಟ ಬಡಿಸಿ, ವಾಹನ ಕಾಯುವುದಕ್ಕಷ್ಟೇ ಸೀಮಿತರಾದರೆ ಅದರಿಂದ ನಮಗೆ ದಕ್ಕುವುದು ಕಡಿಮೆ. ಆದ್ದರಿಂದ ಈ ಕೆಲಸ ಶಾಲೆಯಿಂದ ಶುರುವಾಗಬೇಕು, ಪ್ರವಾಸಿ ಆಮೇಲೆ ಬರಲಿ ಎಂಬುದು ನನ್ನ ವಾದ.

ಶಾಲೆಯಲ್ಲಿ ಎಲ್ಲಿಂದ ಶುರುಮಾಡುವುದು? ರೈತನಿಗೆ ಗೊತ್ತಿರುವಲ್ಲಿಂದ. ನಮ್ಮ ಹಳ್ಳಿಗಳಲ್ಲಿ ಮಳೆಯನ್ನು ಗುರುತಿಸುವುದೇ ನಕ್ಷತ್ರದ ಹೆಸರಿನಿಂದ. ರೋಹಿಣಿ ಮಳೆ, ಮೃಗಶಿರಾ ಮಳೆ, ಆರಿದ್ರಾ ಮಳೆ, ಸ್ವಾತಿ ಮಳೆ ಎಂದು ಅಕ್ಷರ ಬಾರದ ಅಜ್ಜಿಯೂ ಸಾಲಾಗಿ ಹೇಳುತ್ತಾಳೆ. ಹಾಗಾದರೆ ಜೂನ್ ತಿಂಗಳಲ್ಲಿ ಮೃಗಶಿರಾ ಮಳೆ ಹಿಡಿದಾಗ, ಮೋಡ ಸರಿದ ರಾತ್ರಿ ಹೊರಗೆ ಬಂದು ಆ ನಕ್ಷತ್ರವನ್ನು ಹುಡುಕಿ ನೋಡಿ. ಎಲ್ಲೂ ಸಿಗುವುದಿಲ್ಲ.

ಕಾರಣ ಸರಳ. ಮಳೆ ನಕ್ಷತ್ರವೆಂದರೆ ಆ ದಿನಗಳಲ್ಲಿ ಸೂರ್ಯನಿರುವ ನಕ್ಷತ್ರ. ಸೂರ್ಯನ ಜೊತೆಗೇ ಹುಟ್ಟಿ ಸೂರ್ಯನ ಜೊತೆಗೇ ಮುಳುಗುವುದರಿಂದ ಅದು ಹಗಲಿನ ಬೆಳಕಿನಲ್ಲಿ ಮರೆಯಾಗಿರುತ್ತದೆ. ಆಕಾಶದಲ್ಲಿ ಸೂರ್ಯ ನಡೆಯುವ ದಾರಿಯನ್ನು ಹಿಂದಿನವರು 27 ಪಾಲು ಮಾಡಿದರು. ಒಂದೊಂದು ಪಾಲನ್ನು ದಾಟಲು ಸೂರ್ಯನಿಗೆ 13 ಅಥವಾ 14 ದಿನ ಬೇಕು. ಆರು ತಿಂಗಳು ಕಳೆದು ಸೂರ್ಯ ಎದುರು ದಿಕ್ಕಿಗೆ ಹೋದಾಗ, ಅಂದರೆ ಡಿಸೆಂಬರಿನಲ್ಲಿ, ಮೃಗಶಿರಾ ಸಂಜೆಗೆ ಪೂರ್ವದಲ್ಲಿ ಹುಟ್ಟಿ ನಡುರಾತ್ರಿಗೆ ನಮ್ಮ ನೆತ್ತಿಯ ಹತ್ತಿರ ಬರುತ್ತದೆ. ಪಕ್ಕದಲ್ಲೇ ಕೆಂಪಗೆ ಹೊಳೆಯುವುದು ಆರಿದ್ರಾ. ಕೆಳಗೆ ಒಂದೇ ಗೆರೆಯಲ್ಲಿ ಮೂರು ನಕ್ಷತ್ರ. ಜೂನಿನಲ್ಲಿ ಮಳೆಗೆ ಹೆಸರು ಕೊಟ್ಟದ್ದು ಇದೇ ಎಂದು ಮಗುವಿಗೆ ತೋರಿಸಿ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೇ?

ಇನ್ನೂ ಒಂದು ಮಾತಿದೆ. ಭೂಮಿಯ ಅಕ್ಷ ನಿಧಾನವಾಗಿ ಬುಗುರಿಯಂತೆ ವಾಲಾಡುತ್ತದೆ. ಅದರಿಂದಾಗಿ ನಕ್ಷತ್ರಗಳ ಲೆಕ್ಕದ ವರ್ಷ ಋತುಗಳ ವರ್ಷಕ್ಕಿಂತ ಸುಮಾರು 20 ನಿಮಿಷ ದೊಡ್ಡದು. 70 ವರ್ಷಕ್ಕೆ ಸುಮಾರು ಒಂದು ದಿನ, ಸಾವಿರ ವರ್ಷಕ್ಕೆ ಸುಮಾರು ಒಂದು ನಕ್ಷತ್ರದಷ್ಟು ವ್ಯತ್ಯಾಸವಾಗುತ್ತದೆ. ಮಳೆ ಬರುವುದು ಋತುವಿನಿಂದ. ನಕ್ಷತ್ರ ಅದಕ್ಕೆ ಗಡಿಯಾರದ ಮುಳ್ಳು ಮಾತ್ರ. ಪಂಚಾಂಗವನ್ನು ಹೀಗಳೆಯದೆ, ಕುರುಡಾಗಿ ನಂಬದೆ, ಅದರ ಲೆಕ್ಕ ಹೇಗೆ ನಡೆಯುತ್ತದೆಂದು ತೋರಿಸುವುದು ವಿಜ್ಞಾನದ ಪಾಠ.

ಇನ್ನು ಈ ಸೀಮೆಗೇ ಸೇರಿದ ಪಾಠೋಪಕರಣಗಳನ್ನು ನೋಡೋಣ. ಮೊದಲನೆಯದು ರಾಗಿ ಕಾಳು. ಭೂಮಿಯನ್ನು ಒಂದೂವರೆ ಮಿಲಿಮೀಟರಿನ ರಾಗಿ ಕಾಳು ಎಂದುಕೊಂಡರೆ ಸೂರ್ಯ 16 ಸೆಂಟಿಮೀಟರಿನ ಚೆಂಡು. ಚನ್ನಪಟ್ಟಣದ ಕುಶಲಕರ್ಮಿ ಅದನ್ನು ಮರದಲ್ಲಿ ಕಡೆದು ಅರಗಿನ ಬಣ್ಣ ಹಚ್ಚಿ ಕೊಡಬಲ್ಲ. ಚೆಂಡಿನಿಂದ ಹದಿನೇಳೂವರೆ ಮೀಟರ್ ದೂರದಲ್ಲಿ ರಾಗಿ ಕಾಳನ್ನಿಡಿ. ಗುರು ಗ್ರಹಕ್ಕೆ ಗೋಲಿ ಗಾತ್ರದ ಮರದ ಗುಂಡು ಸಾಕು, 90 ಮೀಟರ್ ದೂರದಲ್ಲಿ. ನೆಪ್ಚೂನ್ ಅರ್ಧ ಕಿಲೋಮೀಟರ್ ಆಚೆ, ಬಹುಶಃ ಊರ ಹೊರಗೆ. ಸೂರ್ಯನನ್ನು ಬಿಟ್ಟರೆ ನಮಗೆ ಅತಿ ಹತ್ತಿರದ ನಕ್ಷತ್ರ ಎಲ್ಲಿ ಗೊತ್ತೇ? ಇದೇ ಅಳತೆಯಲ್ಲಿ 4,700 ಕಿಲೋಮೀಟರ್ ದೂರ, ಹೆಚ್ಚೂಕಡಿಮೆ ಚೀನಾದ ಬೀಜಿಂಗಿನಲ್ಲಿ! ಊರಿನ ಬೀದಿಯಲ್ಲಿ ಇದನ್ನು ನಡೆದು ನೋಡಿದ ಮಗು ಆಕಾಶದ ವಿಸ್ತಾರವನ್ನು ಮರೆಯುವುದಿಲ್ಲ.

ಎರಡನೆಯದು ಬಂಡೆ. ರಾಮನಗರಕ್ಕೆ ಬ್ರಿಟಿಷರ ಕಾಲದಲ್ಲಿ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಭೂವಿಜ್ಞಾನಿಗಳು ಇಲ್ಲಿನ ಶಿಲೆಯನ್ನು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕತ್ತಲ ರಾತ್ರಿ ಬರಿಗಣ್ಣಿಗೆ ಮಂಜಿನ ಚುಕ್ಕೆಯಂತೆ ಕಾಣುವ ಆಂಡ್ರೊಮಿಡಾ ಗೆಲಾಕ್ಸಿಯಿಂದ ಬೆಳಕು ನಮ್ಮನ್ನು ತಲುಪಲು ಸುಮಾರು 25 ಲಕ್ಷ ವರ್ಷ ಬೇಕು. ಆ ಬೆಳಕು ಹೊರಟಾಗ ನಮ್ಮ ಕಾಲಕೆಳಗಿನ ಬಂಡೆ ಆಗಲೇ ಮುದಿಯಾಗಿತ್ತು.

ಮೂರನೆಯದು ನಾವು ಭೂಮಿಯ ಮೇಲೆ ಇರುವ ಜಾಗ. ಉತ್ತರದ ಧ್ರುವ ನಕ್ಷತ್ರ ನಮಗೆ ದಿಗಂತದಿಂದ ಹನ್ನೆರಡು ಹದಿಮೂರು ಡಿಗ್ರಿ ಎತ್ತರದಲ್ಲಷ್ಟೇ ಇದೆ. ಅದಕ್ಕೆ ಪ್ರತಿಫಲವಾಗಿ ದಕ್ಷಿಣದ ಐಸಿರಿ ನಮಗೆ ದೊರಕಿದೆ. ಫೆಬ್ರುವರಿಯ ಸಂಜೆ ಅಗಸ್ತ್ಯ, ಏಪ್ರಿಲ್, ಮೇ ತಿಂಗಳ ರಾತ್ರಿ ತ್ರಿಶಂಕು ಇಲ್ಲಿ ಚೆನ್ನಾಗಿ ಕಾಣುತ್ತವೆ. ಯುರೋಪಿನ ಬಹುಭಾಗದವರಿಗೆ ಅವು ದಿಗಂತದ ಮೇಲೆ ಬರುವುದೇ ಇಲ್ಲ. ಏಪ್ರಿಲ್ 24 ಮತ್ತು ಆಗಸ್ಟ್ 18ರ ಆಸುಪಾಸಿನಲ್ಲಿ ಮಧ್ಯಾಹ್ನ ಸೂರ್ಯ ನೆಟ್ಟಗೆ ನೆತ್ತಿಗೆ ಬರುತ್ತಾನೆ. ನಿಲ್ಲಿಸಿದ ಕೋಲಿಗೆ ನೆರಳೇ ಇರುವುದಿಲ್ಲ. ಅದು ಸರಿಯಾಗಿ ಹನ್ನೆರಡಕ್ಕೆ ಆಗದೆ ಹನ್ನೆರಡೂಕಾಲು ದಾಟಿದ ಮೇಲೆ ಆಗುತ್ತದೆ. ಏಕೆ ಎಂದು ಮಕ್ಕಳು ಕೇಳಲಿ. ನಮ್ಮ ಗಡಿಯಾರ ನಮಗಿಂತ ಪೂರ್ವದಲ್ಲಿರುವ ರೇಖಾಂಶವೊಂದನ್ನು ಅನುಸರಿಸುತ್ತದೆ ಎಂಬ ಉತ್ತರ ಅಲ್ಲಿಂದ ಹೊರಡುತ್ತದೆ.

ಊರಿನವರೇ ಮುಂದೆ ನಿಂತು ಇಂಥ ಪ್ರವಾಸ ನಡೆಸಿದ ಉದಾಹರಣೆ ನಮ್ಮ ದೇಶದಲ್ಲೇ ಇದೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿ ಎರಡು ಮೀಟರ್ ವ್ಯಾಸದ ದೂರದರ್ಶಕವಿದೆ. ಅದನ್ನು ಉಪಗ್ರಹದ ಮೂಲಕ ನಡೆಸುವುದು ನಮ್ಮ ಹೊಸಕೋಟೆಯ ಕೇಂದ್ರದಿಂದ! ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆ ಸ್ಥಳೀಯ ಆಡಳಿತದೊಡನೆ ಸೇರಿ ಅಲ್ಲಿನ ಕತ್ತಲನ್ನು ಕಾಯಲು ಮುಂದಾಯಿತು. 2022ರಲ್ಲಿ ಸುಮಾರು ಸಾವಿರ ಚದರ ಕಿಲೋಮೀಟರ್ ಪ್ರದೇಶವನ್ನು ಕತ್ತಲಾಕಾಶದ ಮೀಸಲು ಎಂದು ಘೋಷಿಸಲಾಯಿತು. ಸುತ್ತಲಿನ ಹಳ್ಳಿಗಳ 24 ಮಂದಿಗೆ ತರಬೇತಿ ಕೊಟ್ಟು ದೂರದರ್ಶಕಗಳನ್ನು ಒಪ್ಪಿಸಿದರು. ಅವರಲ್ಲಿ ಹೆಂಗಸರೇ ಹೆಚ್ಚು. ಪ್ರವಾಸಿಗಳು ಹಳ್ಳಿಯ ಮನೆಗಳಲ್ಲಿ ತಂಗುತ್ತಾರೆ, ಮನೆಯವರೇ ಆಕಾಶ ತೋರಿಸುತ್ತಾರೆ. ಕತ್ತಲಿನಿಂದ ಅನ್ನ ಹುಟ್ಟುವುದರಿಂದ ದೀಪಕ್ಕೆ ಮರೆ ಕಟ್ಟಲು ಊರೇ ಒಪ್ಪುತ್ತದೆ.

ನಮ್ಮ ಸೀಮೆ ಹಾನ್ಲೆಯಲ್ಲ, ನಿಜ. ಜೂನಿನಿಂದ ನವೆಂಬರಿನವರೆಗೆ ಮೋಡ. ನಮ್ಮ ರಾತ್ರಿಗಳು ಡಿಸೆಂಬರಿನಿಂದ ಮಾರ್ಚಿಯವರೆಗೆ. ಈಶಾನ್ಯದಲ್ಲಿ ಬೆಂಗಳೂರಿನ ಬೆಳಕು ದಿಗಂತವನ್ನು ಬೆಳಗಿಸಿದೆ. 2023ರಲ್ಲಿ ಉದ್ಘಾಟನೆಯಾದ ಮೈಸೂರು ಹೆದ್ದಾರಿಯ ಉದ್ದಕ್ಕೂ ದೀಪಗಳು ಬೆಳೆಯುತ್ತಿವೆ. ಕನಕಪುರದ ದಕ್ಷಿಣಕ್ಕೆ, ಕಾವೇರಿಯ ಕಾಡಿನ ಕಡೆಗೆ ಹೋದಷ್ಟೂ ಕತ್ತಲು ಉಳಿದಿದೆ. ಹಾಗೆಂದು ಕಾಡಂಚಿಗೆ, ಬೆಟ್ಟದ ತುದಿಗೆ ರಾತ್ರಿ ಜನರನ್ನು ಕರೆದೊಯ್ಯಬಾರದು. ಕನಕಪುರದ ಕಡೆ ಆನೆ, ರಾಮನಗರ, ಮಾಗಡಿ ಬೆಟ್ಟಗಳಲ್ಲಿ ಚಿರತೆ, ಕರಡಿ ಇವೆ. ರಾಮದೇವರ ಬೆಟ್ಟ 2012ರಿಂದ ರಣಹದ್ದುಗಳ ಧಾಮ. ಅವುಗಳ ರಾತ್ರಿಯನ್ನು ಕೆಡಿಸಿ ನಾವು ನಕ್ಷತ್ರ ನೋಡಬೇಕಾಗಿಲ್ಲ. ಶಾಲೆಯ ಮೈದಾನವೇ ಸಾಕು.

ಕತ್ತಲನ್ನು ಕೊಲ್ಲುವುದು ದೀಪವಲ್ಲ, ಮೇಲಕ್ಕೆ ಚೆಲ್ಲುವ ದೀಪ. ಆ ಬೆಳಕು ಗಾಳಿಗೆ, ಧೂಳಿಗೆ, ತೇವಕ್ಕೆ ತಾಗಿ ಚೆದರಿ ಆಕಾಶಕ್ಕೆ ಸುಣ್ಣ ಬಳಿದಂತಾಗುತ್ತದೆ. ನೀಲಿ ಹೆಚ್ಚಿರುವ ಬಿಳಿ ಎಲ್ಇಡಿ ಬೆಳಕು ಇನ್ನೂ ಹೆಚ್ಚು ಚೆದರುತ್ತದೆ. ಬೀದಿ ದೀಪಕ್ಕೆ ಮೇಲೊಂದು ತಗಡಿನ ಮುಚ್ಚಳ, ಹಳದಿ ಬೆಳಕು, ಬೇಕಾದಷ್ಟೇ ಉರಿಯುವ ವ್ಯವಸ್ಥೆ ಮಾಡಿದರೆ ರಸ್ತೆಯೂ ಬೆಳಗುತ್ತದೆ, ಆಕಾಶವೂ ಉಳಿಯುತ್ತದೆ. ರಾತ್ರಿ ಒಬ್ಬಳೇ ನಡೆಯುವ ಹೆಣ್ಣುಮಗಳ ದಾರಿಯನ್ನು ಕತ್ತಲು ಮಾಡಿ ಎಂದು ನಾನು ಹೇಳುತ್ತಿಲ್ಲ. ಬೆಳಕು ಅವಳ ಕಾಲ ಬಳಿ ಬೀಳಲಿ ಎನ್ನುತ್ತಿದ್ದೇನೆ. ಗೋಮಾಳ, ಕೆರೆಗಳಂತೆ ಕತ್ತಲೂ ಊರೊಟ್ಟಿನ ಆಸ್ತಿ. ಗೋಮಾಳ ಹೋದದ್ದು, ಕೆರೆ ಮುಚ್ಚಿದ್ದು ನಮಗೆ ಗೊತ್ತಾದದ್ದು ಹೋದ ಮೇಲೆ. ಇದು ಇನ್ನೂ ಅಷ್ಟಿಷ್ಟು ಉಳಿದಿದೆ.

ಮಾಗಡಿ ರಸ್ತೆಗೂ ಮೈಸೂರು ರಸ್ತೆಗೂ ನಡುವೆ ಇರುವ ಬ್ಯಾಲಾಳಿನಲ್ಲಿ 32 ಮೀಟರಿನ ದೊಡ್ಡ ಆಂಟೆನಾ ಇದೆ. 2008ರ ಚಂದ್ರಯಾನದ ಕಾಲದಿಂದ ಅದು ದೂರದ ನೌಕೆಗಳ ಮಾತಿಗೆ ಕಿವಿಗೊಟ್ಟಿದೆ. ಚಂದ್ರನಿಂದ ಬಂದ ಸುದ್ದಿ ನಮ್ಮ ಹೊಲಗಳ ಪಕ್ಕದಲ್ಲೇ ಇಳಿದಿರುವಾಗ ನಮ್ಮ ಮಕ್ಕಳು ಚಂದ್ರನ ಕುಳಿಗಳನ್ನು ಒಮ್ಮೆಯೂ ದೂರದರ್ಶಕದಲ್ಲಿ ನೋಡದೆ ಹತ್ತನೆಯ ತರಗತಿ ಮುಗಿಸುವುದು ಸರಿಯೇ?

ಬರುವ ಡಿಸೆಂಬರಿನಲ್ಲಿ, ಅಮಾವಾಸ್ಯೆಯ ಆಸುಪಾಸಿನ ಒಂದು ರಾತ್ರಿ, ಒಂದು ಶಾಲೆಯ ಮೈದಾನದ ದೀಪಗಳನ್ನು ಎರಡು ಗಂಟೆ ಕಾಲ ಆರಿಸಿ. ದೂರದರ್ಶಕ ಇಲ್ಲದಿದ್ದರೂ ಚಿಂತೆಯಿಲ್ಲ. ಮೊದಲು ಊರಿನ ಹಿರಿಯರನ್ನು ಕರೆದು ಮಳೆ ನಕ್ಷತ್ರಗಳ ಹೆಸರು ಹೇಳಿಸಿ. ಆಮೇಲೆ ಮಕ್ಕಳು ಒಂದೊಂದನ್ನೇ ಬೆರಳು ಮಾಡಿ ಅವರಿಗೆ ತೋರಿಸಲಿ.