ಹೊತ್ತು ನೋಡಿ ಮೂತ್ರ ತೆಗೆಯಿರಿ
(ತೋಟ ಕಾರ್ಮಿಕ ಕುಟುಂಬಗಳ ಕೂಟದಲ್ಲಿ ಮಾಡಿದ ಭಾಷಣ)



ಸಿಲ್ವರ್ ಓಕ್ ಮರಕ್ಕೆ ಏಣಿ ಹಾಕಿ ಮೆಣಸು ಕೊಯ್ಯುವವರು, ನೆರಳುಮರದ ಕೊಂಬೆ ಕಡಿಯುವವರು ನಮ್ಮಲ್ಲಿ ಬಹಳ ಮಂದಿ. ಬಿದ್ದು ಬೆನ್ನುಹುರಿಗೆ ಪೆಟ್ಟಾದರೆ ಕಾಲು ಸೋತದ್ದು ಎಲ್ಲರಿಗೂ ಕಾಣುತ್ತದೆ. ಮೂತ್ರಚೀಲದ ಕಷ್ಟ ಮಾತ್ರ ಕಾಣುವುದಿಲ್ಲ. ನಾಚಿಕೆಯಿಂದ ಮನೆಯವರು ಹೇಳುವುದೂ ಇಲ್ಲ. ಇಂದು ನಾವು ಅದನ್ನೇ ಬಿಚ್ಚಿ ಹೇಳುತ್ತೇವೆ.

ಮೂತ್ರಚೀಲ ತುಂಬಿದ ಸುದ್ದಿ ಮಿದುಳಿಗೆ ಹೋಗುವುದು ಬೆನ್ನುಹುರಿಯ ದಾರಿಯಲ್ಲಿ. ಆ ದಾರಿ ಕಡಿದರೆ ತುಂಬಿದ್ದು ತಿಳಿಯದು, ಬೇಕೆಂದಾಗ ಖಾಲಿಯೂ ಆಗದು. ಸೋರುತ್ತಿದ್ದರೂ ಒಳಗೆ ಉಳಿದಿರುತ್ತದೆ. ಉಳಿದ ಮೂತ್ರದಲ್ಲಿ ರೋಗಾಣು ಬೆಳೆಯುತ್ತದೆ. ಒತ್ತಡ ಹೆಚ್ಚಿದರೆ ಮೂತ್ರ ಹಿಂದಕ್ಕೆ ಏರಿ ಮೂತ್ರಪಿಂಡ ಕೆಡುತ್ತದೆ. ಹಿಂದಿನ ಕಾಲದಲ್ಲಿ ಇಂಥ ಎಷ್ಟೋ ಜನ ಸತ್ತದ್ದು ಹೀಗೆಯೇ.

ಇದಕ್ಕೆ ದಾರಿಯಿದೆ. ತೊಳೆದ ಕೈ, ಶುಚಿಯಾದ ಕೊಳವೆ ಇದ್ದರೆ ರೋಗಿ ತಾನೇ ಹೊತ್ತುಹೊತ್ತಿಗೆ ಮೂತ್ರ ತೆಗೆದುಕೊಳ್ಳಬಹುದು ಎಂದು 1972ರಲ್ಲಿ ಅಮೆರಿಕದ ಡಾ. ಜಾಕ್ ಲ್ಯಾಪಿಡಿಸ್ ತೋರಿಸಿಕೊಟ್ಟರು. ಅಂದರೆ ನಮ್ಮ ಲೈನ್ ಮನೆಯಲ್ಲೂ ಆಗುತ್ತದೆ. ಮೊದಲು ಆಸ್ಪತ್ರೆಯ ನರ್ಸಮ್ಮನವರಿಂದ ಕೈಯಾರೆ ಕಲಿಯಿರಿ. ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ ತೆಗೆಯಬೇಕು. ಒಂದು ಸಲಕ್ಕೆ 500 ಮಿಲಿಲೀಟರ್ ಮೀರಿದರೆ ಇನ್ನೂ ಬೇಗ ತೆಗೆಯಬೇಕು. ಕೊಳವೆಯನ್ನು ಹೇಗೆ ತೊಳೆಯಬೇಕು, ಎಷ್ಟು ದಿನ ಬಳಸಬಹುದು ಎಂಬುದನ್ನೂ ಅವರಲ್ಲೇ ಕೇಳಿ.

ಬಟ್ಟೆ ಒದ್ದೆಯಾದೀತೆಂದು ನೀರು ಕುಡಿಯುವುದನ್ನು ಬಿಡಬೇಡಿ. ವೈದ್ಯರು ಹೇಳದೆ ಹೊಟ್ಟೆ ಒತ್ತಿ ಮೂತ್ರ ಬರಿಸಬೇಡಿ. ಚಳಿಜ್ವರ ಬಂದರೆ, ಮೂತ್ರದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಿಗೆ ತೋರಿಸಿ. ಕುತ್ತಿಗೆಗೆ ಅಥವಾ ಎದೆಯ ಮೇಲುಭಾಗದ ಬೆನ್ನಿಗೆ ಪೆಟ್ಟಾದವರಿಗೆ ತಟ್ಟನೆ ತಲೆ ಸಿಡಿದು ಮುಖ ಬೆವರಿದರೆ ಅದು ಪ್ರಾಣದ ಪ್ರಶ್ನೆ. ನೆಟ್ಟಗೆ ಕುಳ್ಳಿರಿಸಿ, ಬಟ್ಟೆ ಸಡಿಲಿಸಿ, ಮೂತ್ರ ತೆಗೆಯಿರಿ. ಕೊಳವೆ ಹಾಕಿಯೇ ಇದ್ದರೆ ಮಡಚಿದೆಯೇ ನೋಡಿ. ಕಡಿಮೆಯಾಗದಿದ್ದರೆ ಕೂಡಲೇ ಆಸ್ಪತ್ರೆಗೆ ಒಯ್ಯಿರಿ.

ಬಾಳು ಮುಗಿಯಿತೆಂದು ಯಾರೂ ಹೇಳದಿರಲಿ. ವೆಲ್ಲೂರಿನ ಡಾ. ಮೇರಿ ವರ್ಗೀಸ್ 1954ರ ಅಪಘಾತದಲ್ಲಿ ಬೆನ್ನುಹುರಿ ಮುರಿದು ನಡೆಯಲಾರದಾದರು. ಆದರೂ ಗಾಲಿಕುರ್ಚಿಯಲ್ಲಿ ಕುಳಿತೇ ಕುಷ್ಠರೋಗಿಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ತೆರೆದ ಪುನರ್ವಸತಿ ಕೇಂದ್ರ ಅವರ ಶ್ರಮದ ಫಲ.

ಕೆಲಸದಲ್ಲಿ ಪೆಟ್ಟಾದವನಿಗೆ ಪರಿಹಾರ ಕೊಡಬೇಕೆಂಬ ಕಾನೂನು ಈ ದೇಶದಲ್ಲಿ 1923ರಲ್ಲೇ ಬಂತು. ಕಾನೂನಿನ ಹೆಸರು ಬದಲಾಗಿದೆ, ಹಕ್ಕು ಉಳಿದಿದೆ. ಅದು ಭಿಕ್ಷೆಯಲ್ಲ. ಮನೆ ಹತ್ತಿರ ನೀರು, ಗಾಲಿಕುರ್ಚಿ ಹೋಗುವಂಥ ಕಕ್ಕಸು, ಬಾಗಿಲಿಗೊಂದು ಮರೆ, ಇವನ್ನೂ ನಾವು ಯೂನಿಯನ್ ಮೂಲಕ ಕೇಳೋಣ.

ಚಾವಣಿ ಬಿಚ್ಚಿ ಪಾರ್ಶ್ವವಾಯು ರೋಗಿಯನ್ನು ಯೇಸುವಿನ ಮುಂದೆ ಇಳಿಸಲು ನಾಲ್ವರು ಬೇಕಾದರು. ನಮ್ಮ ಲೈನಿನಲ್ಲೂ ನಾಲ್ವರು ಏಳಲಿ. ಒಬ್ಬರು ನೀರು ಹೊರಲಿ, ಒಬ್ಬರು ಹೊತ್ತು ನೆನಪಿಸಲಿ, ಒಬ್ಬರು ಆಸ್ಪತ್ರೆಗೆ ಜೊತೆ ಹೋಗಲಿ, ಒಬ್ಬರು ಅರ್ಜಿ ಬರೆಯಲಿ. ದೇವರು ನಿಮ್ಮನ್ನು ಆಶೀರ್ವದಿಸಲಿ.